ಊರು ಬಿಟ್ಟವರ ಹೆಸರು

ಕೆಲವು ತಿಂಗಳ ಕೆಳಗೆ ನಮ್ಮ ಮನೆಯ ಬಾಗಿಲಿಗೆ ಬಂದ ಕೊರಿಯರ್ ಹುಡುಗನೊಬ್ಬನು, ಕೈಯಲ್ಲಿದ್ದ ಕಟ್ಟನ್ನು ಹಿಂದುಮುಂದಾಗಿ ತಿರುಗಿಸಿ ನೋಡುತ್ತ, ವಿಳಾಸದಲ್ಲಿ ಊರ ಹೆಸರು ಎರಡು ಸಲ ಬರೆದಿದೆಯೆಂದೂ ಮನುಷ್ಯನ ಹೆಸರು ಮಾತ್ರ ಅರ್ಧದಲ್ಲೇ ನಿಂತಿದೆಯೆಂದೂ ನನ್ನಲ್ಲಿ ದೂರಿಕೊಂಡನು. ಮೊದಲ ಸಾಲಿನಲ್ಲಿ ‘ಮಣಿಕೊಂಡ’ ಎಂದಿತ್ತು, ಕಡೆಯ ಸಾಲಿನಲ್ಲಿಯೂ ‘ಮಣಿಕೊಂಡ’ ಎಂದಿತ್ತು. ಕಟ್ಟು ಬಂದದ್ದು ನಮ್ಮ ಮೇಲಿನ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ತೆಲುಗು ಸಂಸಾರಕ್ಕೆ. ಮಣಿಕೊಂಡವೆಂಬುದು ಅವರ ಇಂಟಿಪೇರು, ಎಂದರೆ ಮನೆತನದ ಹೆಸರು. ಹೈದರಾಬಾದಿನ ಪಶ್ಚಿಮದ ಅಂಚಿನಲ್ಲಿರುವ ಈ ಮಣಿಕೊಂಡಕ್ಕೂ ತಮಗೂ ಏನಾದರೂ ಪೂರ್ವಸಂಬಂಧವುಂಟೇ ಎಂದು ಕೇಳಿದೆನಾಗಿ, ಮನೆಯ ಹಿರಿಯರು ನಕ್ಕು, ತಮ್ಮ ತಾತನವರು ಈ ಕಡೆಗೆ ತಲೆಹಾಕಿ ಮಲಗಿದವರೂ ಅಲ್ಲವೆಂದರು. ಹಾಗಾದರೆ ಒಂದು ಸಂಸಾರವು ತನ್ನ ಹೆಸರಿನದೇ ಊರಿನಲ್ಲಿ ಪರಸ್ಥಳದವರಂತೆ ವಾಸಿಸುವುದು ಹೇಗೆ, ಇಷ್ಟು ವಿರಳವಾದ ಹೆಸರು ಎಲ್ಲಿ ಹುಟ್ಟಿತು, ಹೇಗೆ ಹರಡಿತು, ಏಕೆ ಇನ್ನೂ ಹೆಚ್ಚಾಗಿ ಹರಡಲಿಲ್ಲ ಎಂಬ ವಿಚಾರವು ಅಂದಿನಿಂದ ನನ್ನನ್ನು ಬಿಡಲಿಲ್ಲ.

ಮೊದಲು ಪದದ ಅರ್ಥ. ತೆಲುಗರಿಗೆ ಇದರಲ್ಲಿ ಯಾವ ತೊಡಕೂ ಇಲ್ಲ. ಕೊಂಡವೆಂದರೆ ಬೆಟ್ಟ, ಮಣಿಕೊಂಡವೆಂದರೆ ಮಣಿಯ ಬೆಟ್ಟ. ಗೋಲ್ಕೊಂಡ, ದೇವರಕೊಂಡ, ರಾಚಕೊಂಡ, ಹನುಮಕೊಂಡ, ಪೆನುಕೊಂಡಗಳ ಪಂಕ್ತಿಯಲ್ಲಿ ಇದೂ ಒಂದು. ಇಲ್ಲಿಂದ ನಾಲ್ಕು ಮೈಲಿ ಉತ್ತರಕ್ಕೆ ನಡೆದರೆ ಕೊಂಡಾಪುರವೂ ಸಿಕ್ಕುತ್ತದೆ. ಕನ್ನಡಿಗನ ಕಿವಿಗಾದರೋ ಈ ಶಬ್ದವು ಬೇರೆ ಬಗೆಯಲ್ಲಿ ಕೇಳುತ್ತದೆ. ಕೊಳ್ಳು ಎಂಬ ಧಾತುವಿನಿಂದ ಬಂದ ಕೊಂಡ ನಮ್ಮದು: ಚೋಳರಿಂದ ತಲಕಾಡನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನನು ‘ತಲಕಾಡುಗೊಂಡ’ನಾದನು. ಆ ಲೆಕ್ಕದಲ್ಲಿ ಮಣಿಗೊಂಡನೆಂದರೆ ಮಣಿಯನ್ನು ವಶಪಡಿಸಿಕೊಂಡ ವೀರನಾಗಬೇಕು, ಅಥವಾ ಕನಿಷ್ಠಪಕ್ಷ ಜಾತ್ರೆಯಲ್ಲಿ ಮಣಿಸರ ಕೊಂಡ ಗಿರಾಕಿಯಾದರೂ ಆಗಬೇಕು. ಇದಲ್ಲದೆ ಸಂಸ್ಕೃತದ ಕುಂಡದ ತದ್ಭವವಾಗಿ ಇನ್ನೊಂದು ಕೊಂಡ ನಮ್ಮಲ್ಲಿದೆ. ಗ್ರಾಮದೇವತೆಯ ಹಬ್ಬದಲ್ಲಿ ಹರಕೆ ಹೊತ್ತವರು ಹಾಯುವ ಕೆಂಡದ ಕೊಂಡ ಅದು. ಹೀಗೆ ತೆಲುಗಿನಲ್ಲಿ ಮೇಲೆ ನೋಡಬೇಕಾದ ವಸ್ತುವೇ ಕನ್ನಡದಲ್ಲಿ ಕೆಳಗೆ ನೋಡಬೇಕಾದ ವಸ್ತುವಾಯಿತು. ತೆಲುಗರು ಕುಂಡಕ್ಕೆ ಗುಂಡಂ ಎನ್ನುತ್ತಾರೆ. ಈ ಗುಂಡಂ ಮುಂದೆ ಒಬ್ಬ ಮಹನೀಯರ ಹೆಸರಿನ ಮೂಲಕ ನಮಗೆ ಎದುರಾಗಲಿರುವುದರಿಂದ ಅದನ್ನು ನೆನಪಿನಲ್ಲಿಡಬೇಕು.

ಬೆಟ್ಟದಲ್ಲಿ ಮಣಿ ಎಲ್ಲಿಯದು ಎಂದು ಕೇಳುವವರಿಗೆ ಗೋಲ್ಕೊಂಡದ ವಜ್ರಗಳ ಕಥೆ ಹೇಳುವ ಅಭ್ಯಾಸ ಈ ಕಡೆ ಉಂಟು. ನನಗೆ ಅದು ರುಚಿಸುವುದಿಲ್ಲ. ಗೋಲ್ಕೊಂಡವು ವಜ್ರಗಳನ್ನು ಮಾರಿದ ಪೇಟೆಯೇ ಹೊರತು ಅಗೆದ ಗಣಿಯಲ್ಲ, ಗಣಿಗಳಿದ್ದದ್ದು ಬಹುದೂರದ ಕೃಷ್ಣಾತೀರದಲ್ಲಿ. ಪುಪ್ಪಾಲಗುಡ, ಖಾಜಾಗುಡಗಳ ಮಗ್ಗುಲಲ್ಲಿ ಇನ್ನೂ ಸಿಡಿಮದ್ದಿಗೆ ಸಿಕ್ಕದೆ ಉಳಿದಿರುವ ಗ್ರಾನೈಟ್ ಗುಡ್ಡಗಳನ್ನು ಸಂಜೆಯ ಬಿಸಿಲಿನಲ್ಲಿ ನೋಡಿದವರಿಗೆ, ಗಾಳಿ ಮಳೆಗಳು ಉರುಟಾಗಿ ಸವೆಸಿ ಒಂದರ ಮೇಲೊಂದಾಗಿ ನಿಲ್ಲಿಸಿದ ಆ ಬಂಡೆಗಳೇ ಪೋಣಿಸದೆ ಬಿಟ್ಟ ಮಣಿಗಳಂತೆ ತೋರುವುದು ಸಹಜ. ಇದು ನನ್ನ ಊಹೆಯೇ ವಿನಾ ಪ್ರಮಾಣವಲ್ಲ.

ಈ ಊರಿಗೆ ಸರ್ಕಾರದ ಕಂದಾಯದ ದಫ್ತರದಲ್ಲಿ ಎರಡು ಹೆಸರುಗಳಿವೆ: ಮಣಿಕೊಂಡ ಖಾಲ್ಸಾ ಮತ್ತು ಮಣಿಕೊಂಡ ಜಾಗೀರು. ನಿಜಾಮರ ರಾಜ್ಯದಲ್ಲಿ ನೇರವಾಗಿ ಸರ್ಕಾರಕ್ಕೆ ಕಂದಾಯ ಕೊಡುತ್ತಿದ್ದ ಭೂಮಿ ಖಾಲ್ಸಾ; ಬೇರೊಬ್ಬರಿಗೆ ಬಿಟ್ಟುಕೊಟ್ಟದ್ದು ಜಾಗೀರು. ಜಾಗೀರುಗಳು 1949ರಲ್ಲಿ ರದ್ದಾದರೂ ಹೆಸರು ರದ್ದಾಗಲಿಲ್ಲ. ಹಜರತ್ ಹುಸೇನ್ ಷಾ ವಲಿಯವರ ದರ್ಗಾಕ್ಕೆ ಸಂಬಂಧಿಸಿದ ಇಲ್ಲಿನ 1654 ಎಕರೆಯಷ್ಟು ಭೂಮಿ ಯಾರದೆಂಬ ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2022ರ ಫೆಬ್ರವರಿಯಲ್ಲಿ ಸರ್ಕಾರದ ಪರವಾಗಿ ತೀರ್ಪಾಯಿತು. 1563ರಲ್ಲಿ ಹುಸೇನ್ ಸಾಗರವನ್ನು ಕಟ್ಟಿಸಿದ ಕೀರ್ತಿಯನ್ನು ಜನ ಸಲ್ಲಿಸುವುದು ಇದೇ ಸಂತರಿಗೆ. ಅವರು ಕಲಬುರಗಿಯ ಖ್ವಾಜಾ ಬಂದೇ ನವಾಜರ ವಂಶದವರೆಂದು ಪ್ರತೀತಿ. ಕನ್ನಡನಾಡಿನಿಂದ ಬಂದು ಮಣಿಕೊಂಡದ ಮಗ್ಗುಲಲ್ಲಿ ನೆಲಸಿದವರಲ್ಲಿ ನಾನು ಮೊದಲಿಗನಲ್ಲವೆಂಬುದಿಷ್ಟು ಇದರಿಂದ ನನಗೆ ದೊರೆತ ಸಮಾಧಾನ.

ಇನ್ನು ಹೆಸರಿನ ವಿಚಾರ. ಮಣಿಕೊಂಡ ಮನೆತನದ ಹೆಸರನ್ನು ಭರತಖಂಡದಾದ್ಯಂತ ಪರಿಚಯಿಸಿದವರು ಮಣಿಕೊಂಡ ಚಲಪತಿರಾಯರು. 1938ರಲ್ಲಿ ಲಕ್ನೋದಲ್ಲಿ ಹುಟ್ಟಿದ ‘ನ್ಯಾಷನಲ್ ಹೆರಾಲ್ಡ್’ ಪತ್ರಿಕೆಯ ಸಂಪಾದಕಪೀಠವನ್ನು 1946ರಲ್ಲಿ ಏರಿ, ಮೂರು ದಶಕಗಳಿಗೂ ಮಿಕ್ಕಿ ಅದನ್ನು ನಡೆಸಿದ ಈ ಧೀಮಂತರು, 1950ರಲ್ಲಿ ಸ್ಥಾಪಿತವಾದ ಕಾರ್ಯನಿರತ ಪತ್ರಕರ್ತರ ಅಖಿಲ ಭಾರತ ಸಂಘಟನೆಗೆ ಮೊದಲ ಅಧ್ಯಕ್ಷರೂ ಆದರು, 1983ರಲ್ಲಿ ತೀರಿಕೊಂಡರು. ಸ್ನೇಹಿತರಿಗೆ ಅವರು ಬರಿಯ ‘ಎಂ.ಸಿ.’. ಆ ‘ಎಂ’ ಎಂಬ ಒಂದಕ್ಷರದೊಳಗೆ ಒಂದು ಊರು, ಒಂದು ಬೆಟ್ಟ, ಒಂದು ಮಣಿ ಎಲ್ಲವೂ ಮಡಿಸಿಟ್ಟಂತಿದ್ದವು. ಇವರು ಕರಾವಳಿ ಆಂಧ್ರದ ಕಡೆಯವರು. ತೆಲಂಗಾಣದಲ್ಲಿಯೂ ಈ ಹೆಸರು ಇಲ್ಲದಿಲ್ಲ. ಹೈದರಾಬಾದಿನ ಕೆರೆ ಬಂಡೆಗಳ ರಕ್ಷಣೆಗಾಗಿ ಶ್ರಮಿಸುತ್ತ ಬಂದ ನಾಗರಿಕ ವೇದಿಕೆಯ ಮುಂದಾಳು ಮಣಿಕೊಂಡ ವೇದಕುಮಾರರು ಈ ನಗರದಲ್ಲಿ ಸುಪರಿಚಿತರು.

ಹೈದರಾಬಾದಿನ ಈ ಮಣಿಕೊಂಡವು ಇಂದು ಪ್ರಸಿದ್ಧವಾಗಿರುವುದರಿಂದ, ಹೆಸರು ಹೊತ್ತವರೆಲ್ಲರೂ ಇಲ್ಲಿಂದಲೇ ಹೊರಟವರೆಂದು ಭಾವಿಸುವುದು ಸುಲಭ; ಸುಲಭವಾದುದರಿಂದಲೇ ಅದು ಸಂದೇಹಾಸ್ಪದ. ಕೃಷ್ಣಾ ಜಿಲ್ಲೆಯ ಉಂಗುಟೂರು ಮಂಡಲದಲ್ಲಿ, ವಿಜಯವಾಡದಿಂದ ಗುಡಿವಾಡಕ್ಕೆ ಹೋಗುವ ದಾರಿಯ ಕಡೆ, ಇನ್ನೊಂದು ಮಣಿಕೊಂಡವುಂಟು. ಬೆಟ್ಟಕ್ಕೊಂದು ಮಣಿ ಕಾಣುವ ಕಣ್ಣು ಒಂದೇ ಊರಿನವರ ಸೊತ್ತಲ್ಲವಷ್ಟೆ. ಆದುದರಿಂದ ಒಂದೇ ಹೆಸರು ಎರಡು ಮೂರು ಕಡೆ ಸ್ವತಂತ್ರವಾಗಿ ಹುಟ್ಟಿರುವುದರಲ್ಲಿ ಆಶ್ಚರ್ಯವಿಲ್ಲ. ಕರಾವಳಿಯ ಸಂಸಾರಗಳ ಮೂಲವನ್ನು ಕೃಷ್ಣೆಯ ಬಯಲಿನಲ್ಲಿಯೂ ತೆಲಂಗಾಣದವರ ಮೂಲವನ್ನು ತೆಲಂಗಾಣದಲ್ಲಿಯೂ ಹುಡುಕುವುದೇ ಯುಕ್ತವೆಂದು ನನ್ನ ಎಣಿಕೆ. ಇವರೆಲ್ಲರೂ ಒಬ್ಬನೇ ಮೂಲಪುರುಷನ ಸಂತತಿಯೆಂದು ವಂಶವೃಕ್ಷ ಬರೆಯಹೊರಟವನು ಎರಡು ಕಾಡಿನ ಮರಗಳನ್ನು ಒಂದೇ ಬೇರಿಗೆ ಕಟ್ಟಿದಂತಾಗುತ್ತದೆ. ತೆಲುಗುನಾಡಿನಲ್ಲಿ ಊರಿನಿಂದ ಬಂದ ಇಂಟಿಪೇರು ಜಾತಿಯ ಗೆರೆಯನ್ನೂ ಲೆಕ್ಕಿಸುವುದಿಲ್ಲ. ಒಂದೇ ಊರನ್ನು ಬಿಟ್ಟ ಬ್ರಾಹ್ಮಣನಿಗೂ ನೇಕಾರನಿಗೂ ಒಕ್ಕಲಿಗನಿಗೂ ಹೊಸ ಊರಿನವರು ಇಟ್ಟ ಹೆಸರು ಒಂದೇ.

ಈ ಕಡೆಯ ಮಾತಿನಲ್ಲಿಯೇ, ನನ್ನ ಮಟ್ಟಿಗೆ, ಇಡೀ ಸಮಸ್ಯೆಯ ಕೀಲಿಕೈ ಇದೆ. ಒಂದು ಊರಿನಲ್ಲಿಯೇ ಹುಟ್ಟಿ ಅಲ್ಲಿಯೇ ಮಣ್ಣಾಗುವವನನ್ನು ಆ ಊರಿನ ಹೆಸರಿನಿಂದ ಯಾರೂ ಕರೆಯುವುದಿಲ್ಲ, ಕರೆದರೆ ಗುರುತೂ ಹತ್ತುವುದಿಲ್ಲ. ಮಣಿಕೊಂಡದಲ್ಲಿ ಮಣಿಕೊಂಡದವನೆಂದರೆ ಯಾರೆಂದು ತಿಳಿಯಬೇಕು? ಅವನು ಗಂಟುಮೂಟೆ ಕಟ್ಟಿಕೊಂಡು ಬೇರೊಂದು ಊರಿನ ಅಗಸೆಬಾಗಿಲನ್ನು ದಾಟಿದ ದಿನ, ಬಾವಿಕಟ್ಟೆಯ ಬಳಿ ನೀರು ಸೇದುತ್ತಿರುವ ಯಾರೋ ಒಬ್ಬರು ‘ಮಣಿಕೊಂಡದವರು ಬಂದಿದ್ದಾರೆ’ ಎನ್ನುತ್ತಾರೆ. ಅಂದು ಆ ಹೆಸರು ಹುಟ್ಟುತ್ತದೆ. ಊರ ಹೆಸರು ಸಲ್ಲುವುದು ಊರಿನಲ್ಲಿ ಇದ್ದವರಿಗಲ್ಲ, ಊರು ಬಿಟ್ಟವರಿಗೆ. ಇಡುವವರೂ ತವರಿನವರಲ್ಲ, ಪರಸ್ಥಳದವರು. ಹೀಗಿರುವಾಗ ಮಣಿಕೊಂಡ ಮನೆತನದವರನ್ನು ಮಣಿಕೊಂಡದಲ್ಲಿ ಹುಡುಕುವುದು, ಹಾರಿಹೋದ ಹಕ್ಕಿಯನ್ನು ಗೂಡಿನಲ್ಲಿ ಹುಡುಕಿದಂತೆ.

ನಮ್ಮ ಕನ್ನಡದ ಹಿರಿಯರ ಹೆಸರುಗಳನ್ನು ಈ ದೃಷ್ಟಿಯಿಂದ ಒಮ್ಮೆ ತಿರುವಿಹಾಕಿದರೆ ಈ ಮಾತಿಗೆ ಪುಷ್ಟಿ ದೊರೆಯುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಹುಟ್ಟಿದ್ದು ಹುಂಗೇನಹಳ್ಳಿಯಲ್ಲಿ. ಗೋಕಾಕರು ಹುಟ್ಟಿದ್ದು ಗೋಕಾಕದಲ್ಲಲ್ಲ, 1909ರಲ್ಲಿ ಸವಣೂರಿನಲ್ಲಿ. ಗಿರೀಶ ಕಾರ್ನಾಡರ ಕಾರ್ನಾಡು ಮೂಲ್ಕಿಯ ಮಗ್ಗುಲಲ್ಲಿದೆ. ಅವರು ಹುಟ್ಟಿದ್ದು 1938ರಲ್ಲಿ ಮಹಾರಾಷ್ಟ್ರದ ಮಾಥೇರಾನದಲ್ಲಿ. ಕಾರ್ನಾಡ, ಪಡುಕೋಣೆ, ಬೆನೆಗಲ್, ಮುಂಡ್ಕೂರು, ಬಸ್ರೂರು, ಉಳ್ಳಾಲ ಎಂದು ಕರಾವಳಿಯ ನಕ್ಷೆಯನ್ನೇ ತಮ್ಮ ಹೆಸರಿನ ಕೊನೆಗೆ ಕಟ್ಟಿಕೊಂಡ ಚಿತ್ರಾಪುರ ಸಾರಸ್ವತರು, ಆ ಊರುಗಳನ್ನು ಬಿಟ್ಟು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಹೋದವರಲ್ಲಿ ಅಗ್ರಗಣ್ಯರು. ಶ್ಯಾಮ ಬೆನೆಗಲ್ಲರು 1934ರಲ್ಲಿ ಹುಟ್ಟಿದ್ದು ನಮ್ಮ ಇದೇ ಹೈದರಾಬಾದಿನ ತಿರುಮಲಗಿರಿಯಲ್ಲಿ. ಮುಂದೆ ಅವರು ತೆಲಂಗಾಣದ ಜಮೀನ್ದಾರಿಯ ಕ್ರೌರ್ಯವನ್ನು ಕುರಿತು 1975ರಲ್ಲಿ ‘ನಿಶಾಂತ್’ ಚಿತ್ರವನ್ನು ನಿರ್ದೇಶಿಸಿದಾಗ ಅದರಲ್ಲಿ ಶಾಲೆಯ ಮೇಷ್ಟರ ಪಾತ್ರ ವಹಿಸಿದವರು ಗಿರೀಶ ಕಾರ್ನಾಡರು. ಎಲ್ಲಿಯೋ ಪಶ್ಚಿಮ ಸಮುದ್ರದ ದಂಡೆಯ ಎರಡು ಊರುಗಳು, ತಮ್ಮಲ್ಲಿ ಹುಟ್ಟದ ಇಬ್ಬರು ಮಕ್ಕಳ ಬೆನ್ನಿಗೆ ಅಂಟಿಕೊಂಡು ಬಂದು, ತೆಲಂಗಾಣದ ಕಥೆಯೊಂದರಲ್ಲಿ ಸಂಧಿಸಿದವು.

ತೆಲುಗರಲ್ಲಿಯೂ ಇದೇ ನ್ಯಾಯ. ಹೈದರಾಬಾದ್ ರಾಜ್ಯಕ್ಕೆ 1952ರಲ್ಲಿ ಚುನಾಯಿತರಾದ ಮೊದಲ ಮುಖ್ಯಮಂತ್ರಿ ಬೂರ್ಗುಲ ರಾಮಕೃಷ್ಣರಾಯರು. ಆಗ ಬೀದರ, ಗುಲಬರ್ಗ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೂ ಅವರೇ ಮುಖ್ಯಮಂತ್ರಿಗಳೆಂಬುದನ್ನು ನಾವು ಮರೆಯಬಾರದು. ಅವರ ಪೂರ್ವಿಕರ ಮೂಲದ ಇಂಟಿಪೇರು ಪುಲ್ಲಂರಾಜು. ಬೂರ್ಗುಲವೆಂಬ ಹಳ್ಳಿಯಿಂದಾಗಿ ಬೂರ್ಗುಲದವರಾದರು. ಅವರು ಹುಟ್ಟಿದ್ದಾದರೋ ತಾಯಿಯ ತವರಾದ ಪಡಕಲ್ಲಿನಲ್ಲಿ. ಮನೆತನದ ಹೆಸರು ಅನಾದಿಯೆಂದೂ ಅಚಲವೆಂದೂ ನಂಬುವವರು ಇದನ್ನು ಗಮನಿಸಬೇಕು: ಹೆಸರಿನ ಮೇಲೆ ಹೆಸರು ಕೂರುತ್ತದೆ, ಹೊಸ ಸುಣ್ಣದ ಕೆಳಗೆ ಹಳೆಯ ಸುಣ್ಣ ಮರೆಯಾಗುವಂತೆ. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ರಾಧಾಕೃಷ್ಣನ್ನರ ‘ಎಸ್’ ಎಂಬುದರಲ್ಲಿ ನೆಲ್ಲೂರು ಸೀಮೆಯ ಸರ್ವೇಪಲ್ಲಿಯಿತ್ತು. ಅವರು ಹುಟ್ಟಿದ್ದು ತಿರುತ್ತಣಿಯ ಕಡೆ.

ಆದರೆ ಕನ್ನಡಿಗನಿಗೆ ಎಲ್ಲಕ್ಕಿಂತ ಹತ್ತಿರದ ದೃಷ್ಟಾಂತವು ಸರ್ ಎಂ. ವಿಶ್ವೇಶ್ವರಯ್ಯನವರದು. ಶಾಲೆಯ ಮಕ್ಕಳು ಉಚ್ಚರಿಸುವ ಆ ‘ಎಂ’ ಮೋಕ್ಷಗುಂಡಂ. ಅದು ಆಂಧ್ರದಲ್ಲಿ, ಗಿದ್ದಲೂರಿನ ಸೀಮೆಯಲ್ಲಿರುವ ಒಂದು ಹಳ್ಳಿ. ತಲೆಮಾರುಗಳ ಹಿಂದೆ ಆ ಹಳ್ಳಿಯನ್ನು ತೊರೆದು ಬಂದ ಸಂಸಾರ ಮುದ್ದೇನಹಳ್ಳಿಯಲ್ಲಿ ನಿಂತಿತು. ತೆಲುಗಿನ ಗುಂಡಂ ಕನ್ನಡದ ಕೊಂಡವೆಂದು ಮೊದಲೇ ಹೇಳಿದ್ದೇನೆ. ಕನ್ನಡಿಸಿದರೆ ಅವರು ಮೋಕ್ಷಕೊಂಡದ ವಿಶ್ವೇಶ್ವರಯ್ಯ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಕೊಚ್ಚಿದ ಬಳಿಕ, ಮೈಸೂರಿನ ದಿವಾನಗಿರಿಗೆ ಇನ್ನೂ ಬಂದಿರದ ಈ ಎಂಜಿನಿಯರರನ್ನು ನಿಜಾಮರು ಕರೆಸಿಕೊಂಡರು. ನದಿಯ ಮೇಲ್ಭಾಗದಲ್ಲಿಯೇ ನೀರನ್ನು ತಡೆದು ನಿಲ್ಲಿಸಬೇಕೆಂದು ಅವರು ಹಾಕಿಕೊಟ್ಟ ಯೋಜನೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಎದ್ದವು. ಉಸ್ಮಾನ್ ಸಾಗರಕ್ಕೆ ಜನ ಗಂಡಿಪೇಟೆಯ ಕೆರೆಯೆನ್ನುತ್ತಾರೆ. ಮಣಿಕೊಂಡವಿರುವುದೂ ಗಂಡಿಪೇಟೆ ಮಂಡಲದಲ್ಲಿಯೇ. ಹೆಸರಿನಲ್ಲಿ ಗುಂಡಂ ಹೊತ್ತವರು ಕೊಂಡದ ಮಗ್ಗುಲಲ್ಲಿ ಇಷ್ಟು ದೊಡ್ಡ ಗುಂಡವನ್ನು ತೋಡಿಸಿ ಹೋದರೆಂಬ ಶ್ಲೇಷವು ಆ ಗಂಭೀರ ಪುರುಷರಿಗೆ ಹಿಡಿಸುತ್ತಿರಲಿಲ್ಲವೇನೋ.

ಈ ಪದ್ಧತಿ ಎಷ್ಟು ಹಳೆಯದು? ಕರೀಂನಗರದ ಸೀಮೆಯ ಕುರ್ಕ್ಯಾಲದ ಬಳಿ ಬೊಮ್ಮಲಗುಟ್ಟವೆಂಬ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಬರೆಸಿದ, ಕ್ರಿ.ಶ. 945ರ ಸುಮಾರಿನ ಶಾಸನವೊಂದಿದೆ. ಬರೆಸಿದವನು ಆದಿಕವಿ ಪಂಪನ ತಮ್ಮನಾದ ಜಿನವಲ್ಲಭ. ಆ ಸೋದರರ ಪೂರ್ವಿಕರು ವೆಂಗಿನಾಡಿನವರು, ವೆಂಗಿಪಳುವೆಂಬ ಅಗ್ರಹಾರದವರು. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸುವ ಹೊತ್ತಿಗೆ ಪಂಪನಿದ್ದದ್ದು ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ, ಆದರೂ ಪೂರ್ವಿಕರು ಬಿಟ್ಟುಬಂದ ಅಗ್ರಹಾರದ ಹೆಸರನ್ನು ಅವನು ಕಾವ್ಯದಲ್ಲಿ ಸ್ಮರಿಸಿಕೊಂಡಿದ್ದಾನೆ. ಇದನ್ನು ಇಂದಿನ ಅರ್ಥದಲ್ಲಿ ಮನೆತನದ ಹೆಸರೆನ್ನಲಾಗದು, ಏಕೆಂದರೆ ಅವನು ತನ್ನನ್ನು ವೆಂಗಿಪಳು ಪಂಪನೆಂದು ಕರೆದುಕೊಳ್ಳಲಿಲ್ಲ. ಆದರೆ ಬೀಜವಂತೂ ಇಲ್ಲಿ ಮೊಳೆತಿದೆ. ಊರು ಬಿಟ್ಟು ಮೂರು ನಾಲ್ಕು ತಲೆಮಾರಾದ ಮೇಲೂ ಊರ ಹೆಸರು ನಾಲಿಗೆಯ ಮೇಲೆ ನಿಂತಿರುವುದೇ ಇಂಟಿಪೇರಿನ ಮೊದಲ ಲಕ್ಷಣ. ಇಂಥ ಶಾಸನ ತೆಲಂಗಾಣದ ಬಂಡೆಯ ಮೇಲೆ ಕನ್ನಡದಲ್ಲಿಯೂ ಇರುವಾಗ, ತೆಲುಗರ ಇಂಟಿಪೇರನ್ನೂ ಕನ್ನಡಿಗರ ಮನೆಹೆಸರನ್ನೂ ಬೇರೆ ಬೇರೆ ಪೆಟ್ಟಿಗೆಗಳಲ್ಲಿಟ್ಟು ಬೀಗ ಹಾಕುವ ಪಂಡಿತರ ಉತ್ಸಾಹವು ನನಗೆ ಅರ್ಥವಾಗುವುದಿಲ್ಲ.

ಭೇದವಿಲ್ಲವೆಂದು ಅರ್ಥವಲ್ಲ. ತೆಲುಗರು ಮನೆತನವನ್ನು ಮುಂದಿಟ್ಟು ಮನುಷ್ಯನನ್ನು ಹಿಂದಿಡುತ್ತಾರೆ. ಉತ್ತರ ಕರ್ನಾಟಕದವರು ಮನುಷ್ಯನನ್ನೂ ಅವನ ತಂದೆಯನ್ನೂ ಮುಂದಿಟ್ಟು ಅಡ್ಡಹೆಸರನ್ನು ಕಡೆಗಿಡುತ್ತಾರೆ. ಹಳೆಯ ಮೈಸೂರಿನವರು ಊರನ್ನೂ ತಂದೆಯನ್ನೂ ಒಂದೊಂದು ಅಕ್ಷರಕ್ಕೆ ಇಳಿಸಿ, ಮುಂದಿನ ಪೀಳಿಗೆಗೆ ಅದೇನೆಂದು ತಿಳಿಯದಂತೆ ಮಾಡಿಬಿಡುತ್ತಾರೆ. ಕೊಡವರಲ್ಲಿ ಒಕ್ಕದ ಹೆಸರು ಮುಂದೆಯೇ ನಿಲ್ಲುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಊರಿನ ಹೊರತು ಮನೆತನದ ಹೆಸರುಗಳಿಗೆ ಬೇರೆ ಮೂಲಗಳೂ ಅನೇಕ. ಕುಲಕರ್ಣಿ, ದೇಶಪಾಂಡೆ, ಪಟ್ಟಣಶೆಟ್ಟಿಗಳಂತಹ ಅಧಿಕಾರದ ಹೆಸರುಗಳನ್ನು ಎಲ್ಲರೂ ಬಲ್ಲರು. ಇವಕ್ಕಿಂತ ರುಚಿಕರವಾದುವು ಧಾರವಾಡ ಬಿಜಾಪುರಗಳ ಕಡೆಯ ಅಡಿಗೆಮನೆಯ ಹೆಸರುಗಳು: ಉಳ್ಳಾಗಡ್ಡಿ, ಮೆಣಸಿನಕಾಯಿ, ಅಕ್ಕಿ, ಬೆಲ್ಲದ. ತೆಲುಗರಲ್ಲಿ ನಿಮ್ಮಕಾಯಲ ಎಂಬ ನಿಂಬೆಹಣ್ಣಿನವರೂ ಅಲ್ಲಂ ಎಂಬ ಶುಂಠಿಯವರೂ ಇದ್ದಾರೆ. ಎರಡು ಸೀಮೆಗಳ ಬೀಗರು ಸೇರಿದರೆ ಒಂದು ಒಗ್ಗರಣೆಗೆ ಕೊರತೆಯಿಲ್ಲ. ಹೆಸರಿಗೂ ಮನೆಯ ಸ್ಥಿತಿಗೂ ಸಂಬಂಧವಿರಬೇಕಿಲ್ಲವೆಂಬುದನ್ನು ಎರಡು ಭಾಷೆಗಳೂ ಒಂದೇ ಬಗೆಯಲ್ಲಿ ಕಂಡುಕೊಂಡಿವೆ: ಇಂಟಿಪೇರು ಕಸ್ತೂರಿಯವರು, ಮನೆತುಂಬ ಬಾವಲಿಯ ನಾತ ಎಂದು ತೆಲುಗರ ಗಾದೆ, ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲವೆಂದು ನಮ್ಮದು.

ಮಣಿಕೊಂಡದಂತಹ ಹೆಸರು ಏಕೆ ವಿರಳವಾಗಿ ಉಳಿಯಿತು? ರೆಡ್ಡಿ, ರಾವು, ಪಾಟೀಲ, ಗೌಡ ಎಂಬುವು ಒಂದು ಸ್ಥಾನವನ್ನೋ ಸಮುದಾಯವನ್ನೋ ಸೂಚಿಸುವ ಹೆಸರುಗಳು. ಅವು ಹಳ್ಳಿ ಹಳ್ಳಿಯಲ್ಲಿಯೂ ಹೊಸದಾಗಿ ಹುಟ್ಟಬಲ್ಲವು. ಊರ ಹೆಸರು ಹಾಗಲ್ಲ. ಸಣ್ಣ ಹಳ್ಳಿಯೊಂದನ್ನು ಬಿಟ್ಟು ಹೊರಟವರು ಕೆಲವೇ ಮಂದಿ. ಅವರಲ್ಲಿ ಹೋದ ಕಡೆ ಹೆಸರು ಅಂಟಿದವರು ಇನ್ನೂ ಕಡಮೆ. ಅಂಟಿದ ಹೆಸರು ಗಂಡುಮಕ್ಕಳ ಮೂಲಕವೇ ಇಳಿಯಬೇಕು. ಮದುವೆಯಾದ ಹೆಣ್ಣಿಗೆ ಇಂಟಿಪೇರು ಬದಲಾಗುವುದು ತೆಲುಗರ ಸಂಪ್ರದಾಯವಾದುದರಿಂದ, ಒಂದು ತಲೆಮಾರಿನಲ್ಲಿ ಹೆಣ್ಣುಮಕ್ಕಳೇ ಹುಟ್ಟಿದ ಮನೆಯಲ್ಲಿ ವಂಶವು ಮುಂದುವರಿದರೂ ಹೆಸರು ಅಲ್ಲಿಗೆ ನಿಂತಿತು. ಇದು ಇಲ್ಲಿಯ ಮಾತು ಮಾತ್ರವಲ್ಲ. ಇಂಗ್ಲೆಂಡಿನ ಪ್ರತಿಷ್ಠಿತ ಮನೆತನಗಳ ಹೆಸರುಗಳು ಅಳಿಯುತ್ತಿರುವುದನ್ನು ಕಂಡ ಫ್ರಾನ್ಸಿಸ್ ಗಾಲ್ಟನನು ಆ ಸಮಸ್ಯೆಯನ್ನು ಗಣಿತಜ್ಞರ ಮುಂದಿಡಲು, ಹೆನ್ರಿ ವಾಟ್ಸನ್ನೆಂಬ ಪಾದ್ರಿಯು ಅದನ್ನು ಲೆಕ್ಕಹಾಕಿದನು. ಇಬ್ಬರೂ ಸೇರಿ 1874ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಎಲ್ಲ ಹೆಸರುಗಳೂ ಕಟ್ಟಕಡೆಗೆ ಅಳಿಯಲೇಬೇಕೆಂದು ವಾಟ್ಸನ್ನನು ತೀರ್ಮಾನಿಸಿದ್ದು ತಪ್ಪೆಂದು ಆಮೇಲೆ ಸಿದ್ಧವಾಯಿತು. ಪೀಳಿಗೆಗೆ ಸರಾಸರಿ ಒಂದಕ್ಕಿಂತ ಹೆಚ್ಚು ಗಂಡುಮಕ್ಕಳಿರುವ ಮನೆತನಕ್ಕೆ ಉಳಿಯುವ ಭರವಸೆಯುಂಟು. ಆದರೆ ಒಂದೆರಡು ಮನೆಗಳಿಂದ ಹೊರಟ ಹೆಸರು ಮೊದಲ ಕೆಲವು ತಲೆಮಾರುಗಳಲ್ಲಿಯೇ ಮುಗಿದುಹೋಗುವ ಅಪಾಯವು ಬಹಳವೆಂಬ ಅವರ ಮಾತು ಇಂದಿಗೂ ನಿಲ್ಲುತ್ತದೆ. ನೂರು ಹಳ್ಳಿಗಳಿಂದ ಹೊರಟ ನೂರು ಹೆಸರುಗಳಲ್ಲಿ ನಮಗೆ ಕೇಳಿಸುತ್ತಿರುವುದು ದಡ ಮುಟ್ಟಿದ ಕೆಲವು ಮಾತ್ರ.

ವಿರಳವಾದ ಊರ ಹೆಸರೊಂದು ಹೇಗೆ ಎಲ್ಲಿಗೋ ಹೋಗಿ ಏನೋ ಆಗಬಹುದೆಂಬುದಕ್ಕೆ ವಾಷಿಂಗ್ಟನ್ ಎಂಬುದಕ್ಕಿಂತ ವಿನೋದಕರವಾದ ನಿದರ್ಶನ ಬೇಕಿಲ್ಲ. ಅದು ಇಂಗ್ಲೆಂಡಿನ ಡರಮ್ ಸೀಮೆಯ ಒಂದು ಊರು. ಅಲ್ಲಿಂದ ಹೊರಟ ಸಂಸಾರದ ಹೆಸರಾಯಿತು. ಆ ಸಂಸಾರದ ಒಬ್ಬನು ಕಡಲಾಚೆಯ ರಾಷ್ಟ್ರದ ಮೊದಲ ಅಧ್ಯಕ್ಷನಾದುದರಿಂದ ಮತ್ತೆ ಒಂದು ಊರಿನ ಹೆಸರಾಯಿತು.

ಆ ಕಡಲಾಚೆಗೆ ಹೊರಡುವವರಿಗೆ ಇಂದಿನ ಮಣಿಕೊಂಡದಲ್ಲಿ ಬರವಿಲ್ಲ. ಬಂಡೆಗಳಿದ್ದ ಕಡೆ ಗಗನಚುಂಬಿಗಳೆದ್ದಿವೆ. ಗಚ್ಚಿಬೌಲಿಯ ಸಾಫ್ಟ್‌ವೇರ್ ಕಚೇರಿಗಳ ನೌಕರರು, ಚಿತ್ರಪುರಿ ಕಾಲೊನಿಯ ಸಿನಿಮಾ ಕಾರ್ಮಿಕರು, ನಮ್ಮಂತೆ ರಾಯಚೂರು ಕಲಬುರಗಿಗಳಿಂದ ಬಂದವರು, ಎಲ್ಲರೂ ಸೇರಿ ಹಳ್ಳಿಯನ್ನು ನಗರದೊಳಗೆ ಕರಗಿಸಿದ್ದಾರೆ. ಇವರು ಪಾಸ್‌ಪೋರ್ಟಿನ ಅರ್ಜಿ ತುಂಬುವ ಹೊತ್ತಿಗೆ ಮನೆತನದ ಹೆಸರಿನ ಪ್ರಶ್ನೆ ವಿದ್ವತ್ತಿನ ಅಂಗಳದಿಂದ ಅಂಗಡಿಯ ಕಂಪ್ಯೂಟರಿಗೆ ಬರುತ್ತದೆ. ಹಳೆಯ ಮೈಸೂರಿನವನು ತನ್ನ ಇನಿಷಿಯಲ್ಲುಗಳನ್ನು ಬಿಡಿಸಿ ಬರೆಯಬೇಕಾಗಿ, ಅಜ್ಜನ ಊರು ಯಾವುದೆಂದು ಅಪ್ಪನಿಗೆ ಫೋನು ಮಾಡುತ್ತಾನೆ. ಒಂದೇ ಹೆಸರುಳ್ಳವನು ಅರ್ಜಿಯ ಎರಡನೆಯ ಮನೆಯನ್ನು ಖಾಲಿ ಬಿಟ್ಟರೆ, ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಎಂಬ ಮೂರು ಅಕ್ಷರಗಳನ್ನು ಮೊದಲ ಹೆಸರಾಗಿ ಪಡೆದು, ಹೆಸರು ಗೊತ್ತಿಲ್ಲದವನೆಂಬುದೇ ಅವನ ಹೆಸರಾಗುತ್ತದೆ. ಮಣಿಕೊಂಡ ಮನೆತನದವರಿಗೆ ಈ ತೊಂದರೆಯಿಲ್ಲ. ಮುಂದಿದ್ದ ಇಂಟಿಪೇರು ಹಿಂದಕ್ಕೆ ಸರಿದು ನಿಲ್ಲುತ್ತದೆ, ಅಷ್ಟೆ. ಅಲ್ಲಿಯ ಶಾಲೆಯಲ್ಲಿ ಮೇಷ್ಟರು ಹಾಜರಿ ಕೂಗುವಾಗ, ಬೆಟ್ಟವನ್ನೂ ಕಾಣದ, ತೆಲುಗನ್ನೂ ಓದಲರಿಯದ ಹುಡುಗಿಯೊಬ್ಬಳು ‘ಮಣಿಕೊಂಡ’ ಎಂಬ ಕೂಗಿಗೆ ಓಗೊಡುವಳು.

ಈಚೆಗೆ ಲಿಂಗಸುಗೂರಿನ ಕಡೆಯ ನಮ್ಮ ಊರಿಗೆ ಹೋಗಿದ್ದೆ. ಹನ್ನೊಂದು ವರ್ಷ ಇಲ್ಲಿ ಬಾಡಿಗೆ ಕಟ್ಟಿದವನು ನಾನು. ಅಲ್ಲಿ ನಮಗೆ ಎಷ್ಟೋ ತಲೆಮಾರಿನಿಂದ ಬಂದ ಅಡ್ಡಹೆಸರೊಂದು ಉಂಟು, ಮನೆಯೂ ಉಂಟು. ಬಸ್ಸಿಳಿದು ಅಗಸಿಯ ಕಟ್ಟೆಯ ಮುಂದೆ ಹಾಯುವಾಗ, ನನಗೆ ಗುರುತು ಸಿಕ್ಕದ ಒಬ್ಬ ಹುಡುಗ ಪಕ್ಕದ ಮುದುಕಪ್ಪನನ್ನು, ‘ಯಾರ್ರೀ ಕಾಕಾ ಇವರು?’ ಎಂದು ಕೇಳಿದನು. ಮುದುಕಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ‘ಗೊತ್ತಾಗಲಿಲ್ಲೇನೋ, ಮಣಿಕೊಂಡದವ್ರು ಬಂದಾರ,’ ಎಂದನು.